ಗುಳಿಗಿ ಬದಲಾದ ಚರಿತ್ರೆ: ಎಚ್‌ಐವಿ ಔಷಧ, ಕಿಡ್ನಿ ಮತ್ತು ಎಲುಬು

ಭಾಗ 1/8: ಹನ್ನೊಂದು ದಿನ

ಈ ಸಲದ ಚರಿತ್ರೆ ರಾಜರದ್ದಲ್ಲ, ಕೋಟೆಯದ್ದಲ್ಲ. ಒಂದು ಗುಳಿಗಿಯದು. ಎಂಟು ಪೋಸ್ಟ್ ಇದಾವೆ, ಸ್ವಲ್ಪ ಉದ್ದ ಆಯ್ತು ಅಂತ ಬೈಬೇಡಿ. ಕೊನೆಗೆ ಬಂದಾಗ ಯಾಕೆ ಇಷ್ಟು ಬರೆದೆ ಅಂತ ನಿಮಗೇ ತಿಳೀತದ.

ನನಗೆ ಬೇಕಾದ ಹಿರಿಯರೊಬ್ಬರಿದ್ದಾರೆ. ಸ್ವಂತ ಕಾಕಾ ಅಲ್ಲ, ಆದರೂ ಕಾಕಾ ಅಂತಲೇ ಕರೀತೀನಿ. ವಯಸ್ಸಿನಲ್ಲಿ ಪರಸಿ ಕಲ್ಲಿನ ಖಣಿಯಲ್ಲಿ ದುಡಿದವರು. ಹತ್ತು-ಹದಿನೈದು ವರ್ಷದಿಂದ ಎಚ್‌ಐವಿ ಗುಳಿಗಿ ತಗೋತಾರೆ, ಗಟ್ಟಿಮುಟ್ಟಾಗಿದ್ದಾರೆ. ಅವರ ಇಂಗ್ಲಿಷ್ ರಿಪೋರ್ಟ್ ಓದಿ ಹೇಳೋದು ನನ್ನ ಕೆಲಸ. ಮನೆಯವರ ಹೊರತು ಇದು ಗೊತ್ತಿರೋದು ನನಗೊಬ್ಬನಿಗೇ.

ಈ ಬೇಸಿಗೆಯಲ್ಲಿ ಒಂದು ಸಂಜೆ ಕಾಕಾ ಸುಮ್ಮನೆ ಹೇಳಿಬಿಟ್ಟರು:

"ತಮ್ಮಾ, ಈ ಹೊಸ ಗುಳಿಗಿ ಕಿಡ್ನಿ ತಿಂತದಂತ. ಎಲುಬು ಪುಡಿ ಮಾಡ್ತದಂತ. ನಾ ಬಿಟ್ಟೀನಿ."

"ಎಷ್ಟ್ ದಿನ ಆತ್ರಿ ಕಾಕಾ?"

"ಹನ್ನೊಂದ್ ದಿನ."

ನನ್ನ ಕೈಕಾಲು ತಣ್ಣಗಾದವು. ನಾನು ಬಿಕಾಂ ಹುಡುಗ, ಡಾಕ್ಟರ್ ಅಲ್ಲ. ಹಾಂಗಂತ ಸುಮ್ಮನೆ ಕೂಡೋಕೂ ಆಗಲಿಲ್ಲ. ಆ ರಾತ್ರಿಯಿಂದ ಓದೋಕೆ ಶುರು ಮಾಡಿದೆ. ಕಾಕಾ ಕೇಳಿದ್ದು ಪೂರ್ತಿ ಸುಳ್ಳಾ? ಅಲ್ಲ. ಪೂರ್ತಿ ಖರೇನಾ? ಅದೂ ಅಲ್ಲ. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಹೆಚ್ಚು ಹಾನಿ ಮಾಡ್ತದ, ಅದಕ್ಕೇ ಈ ಸರಣಿ.

ಕಾಕಾರನ್ನ ಕೇಳಿಯೇ ಬರೀತಿದೀನಿ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದೀನಿ. ಯಾರು ಅಂತ ಕಾಮೆಂಟ್‌ನಲ್ಲಿ ಊಹೆ ಮಾಡಬೇಡಿ. ಇದು ಬರೀ ಮರ್ಯಾದೆಯ ಮಾತಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಬ್ಬರ ಎಚ್‌ಐವಿ ಸ್ಥಿತಿಯ ಗುಟ್ಟನ್ನ ಆ ಕಾಯ್ದೆ ಕಾಯುತ್ತದೆ, ಅವರಿಗೆ ಕೆಲಸದಲ್ಲಾಗಲಿ ದವಾಖಾನಿಯಲ್ಲಾಗಲಿ ಭೇದ ಮಾಡಬಾರದು ಅನ್ನುತ್ತದೆ.

ಭಾಗ 2/8: ಔಷಧ ಇತ್ತು, ರೊಕ್ಕ ಇರಲಿಲ್ಲ

1986ಕ್ಕೆ ಹೋಗೋಣ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಸುನೀತಿ ಸೊಲೊಮನ್ ಅಂತ ಮೈಕ್ರೋಬಯಾಲಜಿ ಪ್ರೊಫೆಸರ್. ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಸುಮಾರು 200 ಜನರ ರಕ್ತದ ಮಾದರಿ ಕೂಡಿಸಿದರು. ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿದಾಗ ಕೆಲವರಲ್ಲಿ ಎಚ್‌ಐವಿ ಸಿಕ್ಕಿತು. ಭಾರತದಲ್ಲಿ ವೈರಸ್ ಇದೆ ಅಂತ ಗೊತ್ತಾಗಿದ್ದು ಹಾಗೆ. ಪಿಜಿ ಓದುತ್ತಿದ್ದ ಒಬ್ಬ ಹೆಣ್ಣುಮಗಳ ಪ್ರಾಜೆಕ್ಟ್ ಕೆಲಸ ಅದು. ನಾವು ಪ್ರಾಜೆಕ್ಟ್ ಅಂದ್ರೆ ಕಾಪಿ ಹೊಡೆಯೋದು ಅಂದುಕೊಂಡೀವಿ!

ಮರುವರ್ಷ, 1987ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಮೊದಲ ಎಚ್‌ಐವಿ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಹೆಸರು ಜಿಡೋವುಡಿನ್, ಜನ ಕರೆಯೋದು ಎಜೆಡ್‌ಟಿ. ಕ್ಯಾನ್ಸರ್‌ಗೆ ಅಂತ 1964ರಲ್ಲಿ ಜೆರೋಮ್ ಹಾರ್ವಿಟ್ಜ್ ತಯಾರಿಸಿ, ಕೆಲಸಕ್ಕೆ ಬಾರದು ಅಂತ ಮೂಲೆಗೆ ಬಿದ್ದಿದ್ದ ವಸ್ತು ಇದು. ಬೆಲೆ ವರ್ಷಕ್ಕೆ ಸುಮಾರು 10,000 ಡಾಲರ್. ರಕ್ತ ಕಡಿಮೆ ಮಾಡುವ ಗುಣವೂ ಅದಕ್ಕಿತ್ತು. ಮೇಲಾಗಿ ಒಂದೇ ಔಷಧ ಕೊಟ್ಟರೆ ವೈರಸ್ ತನ್ನ ರೂಪ ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತಿತ್ತು.

1996ರಲ್ಲಿ ದಾರಿ ಸಿಕ್ಕಿತು. ಮೂರು ಔಷಧ ಒಟ್ಟಿಗೆ ಕೊಟ್ಟರೆ ವೈರಸ್‌ಗೆ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ ಅಂತ ವ್ಯಾಂಕೋವರ್ ಸಮ್ಮೇಳನದಲ್ಲಿ ತೋರಿಸಿದರು. ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋದರು. ಆದರೆ ಎಲ್ಲಿ? ಅಮೆರಿಕ, ಯುರೋಪಿನಲ್ಲಿ. ಮೂರು ಔಷಧದ ಖರ್ಚು ವರ್ಷಕ್ಕೆ 10,000ದಿಂದ 15,000 ಡಾಲರ್. ಶಹಾಬಾದ್ ಖಣಿಯಲ್ಲಿ ಕಲ್ಲು ಎತ್ತುವವನಿಗೆ ಆ ಔಷಧ ಇದ್ದೂ ಇಲ್ಲದ ಹಾಗೆ.

ಭಾಗ 3/8: ದಿನಕ್ಕೆ ಒಂದು ಡಾಲರ್

ಇಲ್ಲಿ ನಮ್ಮ ಬಿಕಾಂ ಬರುತ್ತದೆ, ಕೇಳ್ರಿ.

ಭಾರತದ 1970ರ ಪೇಟೆಂಟ್ ಕಾಯ್ದೆ ಔಷಧದ ವಸ್ತುವಿಗೆ ಪೇಟೆಂಟ್ ಕೊಡುತ್ತಿರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಅಂದ್ರೆ ಬೇರೆ ವಿಧಾನದಿಂದ ಅದೇ ಔಷಧ ತಯಾರಿಸಿದರೆ ತಪ್ಪಲ್ಲ. ನಮ್ಮ ಕಂಪನಿಗಳು ಇದರಲ್ಲಿ ಪಳಗಿದವು. 2001ರ ಫೆಬ್ರುವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಮೂರು ಔಷಧವನ್ನ ವರ್ಷಕ್ಕೆ 350 ಡಾಲರ್‌ಗೆ ಕೊಡ್ತೀವಿ ಅಂತ ಘೋಷಿಸಿದರು. ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆ! ಬೇರೆ ಕಂಪನಿಗಳೂ ಬೆಲೆ ಇಳಿಸಬೇಕಾಯಿತು.

2004ರ ಏಪ್ರಿಲ್ 1ರಂದು ಸರ್ಕಾರ ಪುಕ್ಕಟೆ ಚಿಕಿತ್ಸೆ ಶುರು ಮಾಡಿತು. ಮೊದಲು ದೇಶದಲ್ಲಿ ಎಂಟೇ ಎಂಟು ಕೇಂದ್ರ. ಕರ್ನಾಟಕದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿತ್ತು. ವಾಡಿ, ಶಹಾಬಾದ್ ಕಡೆಯವರು ರಾತ್ರಿಯೆಲ್ಲ ರೈಲಿನಲ್ಲಿ ಕೂತು ಅಲ್ಲಿಗೆ ಹೋಗೋದು ಎಷ್ಟು ಕಷ್ಟ ಅಂತ ನೀವೇ ಲೆಕ್ಕ ಹಾಕಿ. ಆಮೇಲೆ ಕೇಂದ್ರಗಳು ಜಿಲ್ಲೆಗಳಿಗೂ ಬಂದವು, ಕಲಬುರಗಿಗೂ ಬಂದವು.

ಆ ಕಾಲದ ಅಗ್ಗದ ಗುಳಿಗಿಯಲ್ಲಿ ಸ್ಟಾವುಡಿನ್ ಅನ್ನೋ ಔಷಧ ಇರುತ್ತಿತ್ತು. ಅದು ಜೀವ ಉಳಿಸಿತು, ಇದನ್ನ ಮರೀಬಾರದು. ಆದರೆ ವರ್ಷ ಕಳೆದಂತೆ ಕೆನ್ನೆಯ ಕೊಬ್ಬು ಕರಗಿ ಮುಖ ಒಳಗೆ ಹೋಗುತ್ತಿತ್ತು, ಅಂಗಾಲು ಉರಿಯುತ್ತಿತ್ತು. ಕಾಕಾ ಅಂತಾರೆ, "ಆಗ ನನ್ನ ಮಾರಿ ನೋಡಿದ್ರ ಮಂದಿಗೆ ತಿಳೀತಿತ್ತು, ಬಾಯಿ ಬಿಟ್ಟು ಹೇಳೂದೇ ಬ್ಯಾಡಾಗಿತ್ತು." ಗುಟ್ಟು ಕಾಯಬೇಕಾದ ಗುಳಿಗಿಯೇ ಮುಖದ ಮೇಲೆ ಗುಟ್ಟು ಬರೆದಿತ್ತು.

2009ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಬಿಡಿ ಅಂತ ದೇಶಗಳಿಗೆ ಹೇಳಿತು. ಬದಲಿಗೆ ಯಾವುದು? ಒಂದು ಎಜೆಡ್‌ಟಿ, ಇನ್ನೊಂದು ನಮ್ಮ ಕಥೆಯ ನಾಯಕ, ಟೆನೊಫೋವಿರ್.

ಭಾಗ 4/8: ನಾಯಕನ ಪ್ರವೇಶ

ಟೆನೊಫೋವಿರ್ ಹುಟ್ಟಿದ್ದು ಪ್ರಾಗ್‌ನಲ್ಲಿ. ಅಂತೋನಿನ್ ಹೋಲಿ ಅನ್ನೋ ರಸಾಯನ ವಿಜ್ಞಾನಿ, ಬೆಲ್ಜಿಯಂನ ಎರಿಕ್ ಡೆ ಕ್ಲರ್ಕ್ ಜೊತೆ ಸೇರಿ ಇಂಥ ಔಷಧಗಳ ಇಡೀ ಒಂದು ಗುಂಪನ್ನೇ ಬೆಳೆಸಿದರು. ಅಮೆರಿಕದ ಗಿಲಿಯಡ್ ಕಂಪನಿ ಅದನ್ನ ಗುಳಿಗಿ ಮಾಡಿತು. 2001ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು.

ಕೆಲಸ ಹೇಗೆ ಮಾಡ್ತದ? ವೈರಸ್ ನಮ್ಮ ಜೀವಕೋಶದೊಳಗೆ ತನ್ನ ನಕಲು ಕಟ್ಟುವಾಗ ಒಂದೊಂದೇ ಇಟ್ಟಿಗೆ ಜೋಡಿಸುತ್ತಾ ಹೋಗುತ್ತದೆ. ಟೆನೊಫೋವಿರ್ ನೋಡೋಕೆ ಅದೇ ಇಟ್ಟಿಗೆ, ಆದರೆ ಅದರ ಮೇಲೆ ಮುಂದಿನ ಇಟ್ಟಿಗೆ ಕೂಡೋದಿಲ್ಲ. ಗೋಡೆ ಅಲ್ಲಿಗೇ ನಿಲ್ಲುತ್ತದೆ.

ಭಾರತದಲ್ಲಿ ಇದಕ್ಕೂ ಜಗಳ ನಡೆಯಿತು. 2005ರಿಂದ ನಮ್ಮಲ್ಲೂ ಔಷಧದ ವಸ್ತುವಿಗೇ ಪೇಟೆಂಟ್ ಬಂತು. ಆದರೆ ಕಾಯ್ದೆಯಲ್ಲಿ 3(ಡಿ) ಅನ್ನೋ ಕಲಮು ಇದೆ: ಗೊತ್ತಿರುವ ವಸ್ತುವಿಗೆ ಬರೀ ಹೊಸ ರೂಪ ಕೊಟ್ಟು, ಗುಣ ಹೆಚ್ಚಾಗದಿದ್ದರೆ ಪೇಟೆಂಟ್ ಇಲ್ಲ. ಟೆನೊಫೋವಿರ್ ಅರ್ಜಿಗಳ ವಿರುದ್ಧ ಸಿಪ್ಲಾ ಮಾತ್ರ ಅಲ್ಲ, ಎಚ್‌ಐವಿ ಇರುವವರ ಸಂಘಟನೆಗಳೂ ತಕರಾರು ಹಾಕಿದವು. 2009ರಲ್ಲಿ ಪೇಟೆಂಟ್ ಕಚೇರಿ ಅರ್ಜಿಗಳನ್ನ ತಿರಸ್ಕರಿಸಿತು. ಗುಳಿಗಿ ನುಂಗುವವರೇ ಹೋಗಿ ಗುಳಿಗಿಯ ಬೆಲೆಗಾಗಿ ವಾದ ಮಾಡಿದ್ದು! ಬಿಸಿನೆಸ್ ಲಾ ಪೇಪರ್‌ನಲ್ಲಿ ಇದನ್ನ ಯಾಕೆ ಕಲಿಸೋದಿಲ್ಲವೋ.

ಮುಂದೆ ಟೆನೊಫೋವಿರ್ 300 ಮಿಲಿಗ್ರಾಂ, ಲಾಮಿವುಡಿನ್ 300, ಎಫಾವಿರೆಂಜ್ 600 ಸೇರಿ ಒಂದೇ ಗುಳಿಗಿ ಆಯ್ತು. ಹೆಸರು ಟಿಎಲ್‌ಇ. ರಾತ್ರಿ ಒಂದು ನುಂಗಿದರೆ ಮುಗೀತು. ಕಾಕಾರ ಕೆನ್ನೆ ಇನ್ನೂ ಒಳಗೆ ಹೋಗೋದು ನಿಂತಿತು, ಕಾಲಿನ ಉರಿ ತಗ್ಗಿತು. ಎಫಾವಿರೆಂಜ್‌ನಿಂದ ವಿಚಿತ್ರ ಕನಸು ಬೀಳುತ್ತಿದ್ದವಂತೆ, ಅಷ್ಟೇ.

ಆದರೆ ಈ ನಾಯಕನಿಗೂ ಒಂದು ದೋಷ ಇತ್ತು. ಕಾಕಾ ಕೇಳಿದ ಸುದ್ದಿಯ ಮೂಲ ಇಲ್ಲೇ ಇದೆ.

ಭಾಗ 5/8: ಕಿಡ್ನಿಯ ಬಾಗಿಲು

ನಮ್ಮ ಎರಡು ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಮೂತ್ರವಾಗಿ ಹೊರಗೆ ಹೋಗೋದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದು? ಸಣ್ಣ ಸಣ್ಣ ನಳಿಕೆಗಳು ಬೇಕಾದ್ದನ್ನ ಆರಿಸಿ ವಾಪಸ್ ರಕ್ತಕ್ಕೆ ಕಳಿಸುತ್ತವೆ. ಸಕ್ಕರೆ, ಫಾಸ್ಫೇಟ್, ಪ್ರೋಟೀನ್, ನೀರು ಎಲ್ಲ. ಖಣಿಯಲ್ಲಿ ಕಲ್ಲು ಎಬ್ಬಿಸಿದ ಮೇಲೆ ಒಳ್ಳೆ ಫರಸಿ ಒಂದು ಕಡೆ, ಚೂರು ಒಂದು ಕಡೆ ಹಾಕ್ತಾರಲ್ಲ, ಹಾಂಗೆ.

ಟೆನೊಫೋವಿರ್ ದೇಹದಿಂದ ಹೊರಗೆ ಹೋಗೋದು ಕಿಡ್ನಿಯ ಮೂಲಕವೇ. ರಕ್ತದಿಂದ ಈ ನಳಿಕೆಯ ಜೀವಕೋಶದೊಳಗೆ ಬರೋಕೆ ಒಂದು ಬಾಗಿಲು, ಅಲ್ಲಿಂದ ಮೂತ್ರಕ್ಕೆ ಹೋಗೋಕೆ ಇನ್ನೊಂದು ಬಾಗಿಲು. ಒಳಗೆ ಬಂದಷ್ಟು ಬೇಗ ಹೊರಗೆ ಹೋಗದಿದ್ದರೆ ಔಷಧ ಅಲ್ಲೇ ಕೂಡುತ್ತದೆ, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಕ್ಕೆ ಪೆಟ್ಟಾಗುತ್ತದೆ. ಆಗ ಆರಿಸುವ ಕೆಲಸ ಕೆಡುತ್ತದೆ. ಫಾಸ್ಫೇಟ್ ಸೋರುತ್ತದೆ, ಪ್ರೋಟೀನ್ ಸೋರುತ್ತದೆ, ರಕ್ತದಲ್ಲಿ ಸಕ್ಕರೆ ಸರಿ ಇದ್ದರೂ ಮೂತ್ರದಲ್ಲಿ ಸಕ್ಕರೆ ಕಾಣಿಸುತ್ತದೆ. ತೀವ್ರವಾದಾಗ ಇದಕ್ಕೆ ಫ್ಯಾಂಕೋನಿ ಸಿಂಡ್ರೋಮ್ ಅಂತಾರೆ.

ಹೆದರಬೇಡಿ, ಪೂರ್ತಿ ಓದಿ. ಹೀಗೆ ತೀವ್ರವಾಗೋದು ತುಂಬಾ ಕಡಿಮೆ ಜನಕ್ಕೆ. ಬಹುತೇಕರು ವರ್ಷಗಟ್ಟಲೆ ತಗೊಂಡು ಆರಾಮಾಗಿದ್ದಾರೆ. ಬೇಗ ಗುರುತಿಸಿ ಔಷಧ ಬದಲಿಸಿದರೆ ಸಾಮಾನ್ಯವಾಗಿ ಕಿಡ್ನಿ ಸುಧಾರಿಸುತ್ತದೆ, ಕೆಲವರಿಗೆ ಪೂರ್ತಿ ಮೊದಲಿನ ಹಾಗೆ ಆಗೋದಿಲ್ಲ. ಅದಕ್ಕೇ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸುತ್ತಾ ಇರಬೇಕು ಅನ್ನೋದು.

ಯಾರಿಗೆ ಅಪಾಯ ಹೆಚ್ಚು? ವಯಸ್ಸಾದವರು, ತೂಕ ಕಡಿಮೆ ಇರುವವರು, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು. ಮತ್ತೆ ಒಂದು, ನಮ್ಮ ಕಡೆ ಮುಖ್ಯವಾದದ್ದು: ನೋವಿನ ಗುಳಿಗಿ. ಡೈಕ್ಲೋಫೆನಾಕ್‌ನಂಥವು ಟೆನೊಫೋವಿರ್ ಜೊತೆ ಸೇರಿದರೆ ಕಿಡ್ನಿಗೆ ಹಠಾತ್ ಪೆಟ್ಟು ಬೀಳಬಹುದು. ಕಲಬುರಗಿ ಬಿಸಿಲು, ಮೈಯಲ್ಲಿ ನೀರಿಲ್ಲ, ನಡಾ ನೋವು, ಮೆಡಿಕಲ್ ಅಂಗಡಿಯಿಂದ ಎರಡು ಗುಳಿಗಿ. ಎಷ್ಟು ಮನೆಯ ಕಥೆ ಇದು, ನೀವೇ ಹೇಳಿ.

ಭಾಗ 6/8: ಎಲುಬಿನ ಸವಕಳಿ

ನಮ್ಮ ಪರಸಿ ಕಲ್ಲು ಸುಣ್ಣದಕಲ್ಲು, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಎಲುಬಿನ ಗಟ್ಟಿತನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ನಿಂದ. ಇಬ್ಬರೂ ದೂರದ ಸಂಬಂಧಿಕರು. ವ್ಯತ್ಯಾಸ ಏನಂದ್ರೆ ಕಲ್ಲು ಸುಮ್ಮನೆ ಬಿದ್ದಿರುತ್ತದೆ, ಎಲುಬು ದಿನಾ ತನ್ನನ್ನ ತಾನೇ ಕೆಡವಿ ಕಟ್ಟಿಕೊಳ್ಳುತ್ತದೆ. ಕಿಡ್ನಿಯಿಂದ ಫಾಸ್ಫೇಟ್ ಸೋರಿದರೆ ಕಟ್ಟೋಕೆ ಸಾಮಾನು ಕಡಿಮೆ. ಕಿಡ್ನಿ ಮತ್ತು ಎಲುಬು ಒಂದೇ ಕಥೆಯಲ್ಲಿ ಬರೋದು ಅದಕ್ಕೆ.

ಆದರೆ ಎಲ್ಲ ತಪ್ಪನ್ನೂ ಟೆನೊಫೋವಿರ್ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಎಚ್‌ಐವಿಯೇ ಎಲುಬು ಸವೆಸುತ್ತದೆ, ಕಿಡ್ನಿಯನ್ನೂ ಕೆಡಿಸುತ್ತದೆ. ಯಾವುದೇ ಎಚ್‌ಐವಿ ಚಿಕಿತ್ಸೆ ಶುರು ಮಾಡಿದರೂ ಮೊದಲ ಒಂದೆರಡು ವರ್ಷದಲ್ಲಿ ಎಲುಬಿನ ಸಾಂದ್ರತೆ 2ರಿಂದ 6 ಶೇಕಡಾ ಇಳಿಯುತ್ತದೆ, ಟೆನೊಫೋವಿರ್ ಇದ್ದರೆ ಸ್ವಲ್ಪ ಹೆಚ್ಚು. 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಟೆನೊಫೋವಿರ್ ಮತ್ತು ಸ್ಟಾವುಡಿನ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಎಲುಬಿನ ಇಳಿಕೆ ಟೆನೊಫೋವಿರ್‌ನಲ್ಲಿ ಹೆಚ್ಚು, ನರದ ಉರಿ ಮತ್ತು ಕೊಬ್ಬು ಕರಗೋದು ಸ್ಟಾವುಡಿನ್‌ನಲ್ಲಿ ಹೆಚ್ಚು.

ಅಕೌಂಟ್ಸ್‌ನಲ್ಲಿ ಡಿಪ್ರಿಸಿಯೇಷನ್ ಓದೀವಲ್ಲ? ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ ಮೊದಲ ವರ್ಷ ಸವಕಳಿ ಜಾಸ್ತಿ, ಆಮೇಲೆ ಕಡಿಮೆ ಕಡಿಮೆ. ಎಲುಬೂ ಹಾಗೇ: ಮೊದಲು ಇಳಿದು, ಆಮೇಲೆ ಹೆಚ್ಚುಕಡಿಮೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಹಾಗಂತ ಎಲ್ಲರ ಸ್ಥಿತಿ ಒಂದೇ ಅಲ್ಲ. ಮುಟ್ಟು ನಿಂತ ಹೆಂಗಸರು, 50 ದಾಟಿದ ಗಂಡಸರು, ತಂಬಾಕು ಸೆರೆ ಬಿಡದವರು, ವಿಟಮಿನ್ ಡಿ ಕಡಿಮೆ ಇರುವವರು ಜಾಗ್ರತೆ ಇರಬೇಕು. ಅವರಿಗೆ ಸಣ್ಣ ಇಳಿಕೆಯೂ ಮುರಿತಕ್ಕೆ ಹತ್ತಿರ ಒಯ್ಯಬಹುದು.

ಭಾಗ 7/8: ಬದಲಿಸಿದರೆ ಏನಾಗುತ್ತದೆ?

ಈಗ ಮುಖ್ಯ ಪ್ರಶ್ನೆ. ಔಷಧ ಬದಲಿಸಿದರೆ ಕಿಡ್ನಿ, ಎಲುಬು ಸುಧಾರಿಸ್ತಾವಾ?

ಟೆನೊಫೋವಿರ್ ಹೊಟ್ಟೆಯಿಂದ ನೇರವಾಗಿ ರಕ್ತಕ್ಕೆ ಹೋಗೋದಿಲ್ಲ, ಅದಕ್ಕೊಂದು ಅಂಗಿ ತೊಡಿಸಬೇಕು. ಹಳೆಯ ಅಂಗಿಯ ಹೆಸರು ಟಿಡಿಎಫ್. ಅದು ರಕ್ತದಲ್ಲೇ ಕಳಚುತ್ತದೆ, ಅದಕ್ಕೇ ಕಿಡ್ನಿಗೆ ಹೆಚ್ಚು ಔಷಧ ಮುಟ್ಟುತ್ತದೆ. ಹೊಸ ಅಂಗಿ ಟಿಎಎಫ್, 2015ರಲ್ಲಿ ಬಂತು. ಅದು ಜೀವಕೋಶದೊಳಗೆ ಹೋದ ಮೇಲೆ ಕಳಚುತ್ತದೆ. 300 ಮಿಲಿಗ್ರಾಂ ಬದಲು 25 ಸಾಕು. ರಕ್ತದಲ್ಲಿ ಟೆನೊಫೋವಿರ್ ಸುಮಾರು 90 ಶೇಕಡಾ ಕಡಿಮೆ. ಟಿಡಿಎಫ್‌ನಿಂದ ಟಿಎಎಫ್‌ಗೆ ಬದಲಿಸಿದವರಲ್ಲಿ ಒಂದು ವರ್ಷದೊಳಗೆ ಸೊಂಟ ಮತ್ತು ಬೆನ್ನೆಲುಬಿನ ಸಾಂದ್ರತೆ ಒಂದೆರಡು ಶೇಕಡಾ ಏರಿತು, ಮೂತ್ರದಲ್ಲಿ ಪ್ರೋಟೀನ್ ಸೋರೋದು ಇಳಿಯಿತು. ಇದು ಜಮಾ ಬದಿ. ಖರ್ಚಿನ ಬದಿಯೂ ಇದೆ: ಕೊಲೆಸ್ಟ್ರಾಲ್ ಏರಿತು, ಕೆಲವರ ತೂಕ ಹೆಚ್ಚಿತು. ಇನ್ನೊಂದು ದಾರಿ ಟೆನೊಫೋವಿರ್ ಬಿಟ್ಟು ಅಬಾಕವಿರ್‌ಗೆ ಹೋಗೋದು. ಅದಕ್ಕೂ ಕೆಲವರಲ್ಲಿ ತೀವ್ರ ಅಲರ್ಜಿಯ ಅಪಾಯ ಇದೆ. ಯಾವ ಬದಲಾವಣೆಯೂ ಪುಕ್ಕಟೆ ಅಲ್ಲ.

ಇನ್ನು ಕಾಕಾರ "ಹೊಸ ಗುಳಿಗಿ". ಬಂದು ಮೂರ್ನಾಲ್ಕು ವರ್ಷ ಆಯ್ತು, ಅವರಿಗೆ ಇನ್ನೂ ಹೊಸದೇ. ಹೆಸರು ಟಿಎಲ್‌ಡಿ. ಟಿಎಲ್‌ಇ ಮತ್ತು ಟಿಎಲ್‌ಡಿ ಹೆಸರು ಪಕ್ಕಪಕ್ಕ ಇಟ್ಟು ನೋಡಿ. ಟಿ ಅದೇ, ಎಲ್ ಅದೇ. ಕೊನೆಯ ಅಕ್ಷರ ಮಾತ್ರ ಬೇರೆ, ಎಫಾವಿರೆಂಜ್ ಹೋಗಿ ಡೊಲುಟೆಗ್ರಾವಿರ್ ಬಂತು. ಟೆನೊಫೋವಿರ್ ಹೊಸದಾಗಿ ಬಂದಿದ್ದೇ ಅಲ್ಲ!

ಹಾಗಾದ್ರೆ ಕಾಕಾರ ಕ್ರಿಯಾಟಿನಿನ್ ಹಳೆ ಫೈಲಿನಲ್ಲಿ 0.9 ಇದ್ದದ್ದು ಈಗ 1.1 ಯಾಕಾಯ್ತು? ಡೊಲುಟೆಗ್ರಾವಿರ್ ಕ್ರಿಯಾಟಿನಿನ್ ಹೊರಗೆ ಹೋಗುವ ಒಂದು ಬಾಗಿಲನ್ನ ಸ್ವಲ್ಪ ಮುಚ್ಚುತ್ತದೆ. ರಕ್ತದಲ್ಲಿ ಅಂಕಿ 0.1, 0.2ರಷ್ಟು ಏರಿ, ಮೊದಲ ಕೆಲವು ವಾರದ ನಂತರ ಅಲ್ಲೇ ನಿಲ್ಲುತ್ತದೆ. ಕಿಡ್ನಿ ಸೋಸುವ ಶಕ್ತಿ ಅದರಿಂದ ಕೆಟ್ಟಿರೋದಿಲ್ಲ. ಆದರೆ ಅಂಕಿ ಏರುತ್ತಲೇ ಹೋದರೆ ಅಥವಾ ಮೂತ್ರದಲ್ಲಿ ಪ್ರೋಟೀನ್ ಬಂದರೆ ಅದು ಬೇರೆ ಮಾತು. ಯಾವುದು ಯಾವುದು ಅಂತ ಹೇಳಬೇಕಾದವರು ಡಾಕ್ಟರ್, ವಾಟ್ಸಪ್ ಅಲ್ಲ.

ಒಂದು ಕೆಲಸದ ಮಾತು, ಸೇವ್ ಮಾಡಿಕೊಳ್ಳಿ. ಎಲುಬಿಗೆ ಒಳ್ಳೇದು ಅಂತ ಕ್ಯಾಲ್ಸಿಯಂ ಗುಳಿಗಿಯನ್ನ ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆಗೇ ನುಂಗಿದರೆ ಔಷಧ ಸರಿಯಾಗಿ ಮೈಗೆ ಹತ್ತೋದಿಲ್ಲ. ಎರಡನ್ನೂ ಊಟದ ಜೊತೆ ತಗೋಬಹುದು, ಇಲ್ಲಾ ಡೊಲುಟೆಗ್ರಾವಿರ್ ತಗೊಂಡು 2 ತಾಸು ಬಿಟ್ಟು ಕ್ಯಾಲ್ಸಿಯಂ ಅಥವಾ ಕ್ಯಾಲ್ಸಿಯಂ ಆಗಿ 6 ತಾಸು ಬಿಟ್ಟು ಡೊಲುಟೆಗ್ರಾವಿರ್. ಕಬ್ಬಿಣದ ಗುಳಿಗಿಗೂ ಇದೇ ನಿಯಮ. ಯಾವ ಗುಳಿಗಿ ಸೇರಿಸಿದರೂ ಕೇಂದ್ರದಲ್ಲಿ ಹೇಳಿ.

ಭಾಗ 8/8: ಬಿಡೋದು ಬದಲಿಸೋದಲ್ಲ

ಬದಲಿಸೋದು ಬೇರೆ, ಬಿಡೋದು ಬೇರೆ. ಇದನ್ನ ಚರಿತ್ರೆಯೇ ಪರೀಕ್ಷೆ ಮಾಡಿ ನೋಡಿದೆ. ಸ್ಮಾರ್ಟ್ ಅನ್ನೋ ಅಧ್ಯಯನದಲ್ಲಿ 33 ದೇಶಗಳ 5,472 ಜನ ಇದ್ದರು. ಔಷಧದ ದುಷ್ಪರಿಣಾಮ ಕಡಿಮೆ ಆಗಲಿ ಅಂತ ಅರ್ಧ ಜನಕ್ಕೆ ನಡುನಡುವೆ ಔಷಧ ನಿಲ್ಲಿಸಿದರು, ಉಳಿದರ್ಧ ನಿಲ್ಲಿಸದೆ ತಗೊಂಡರು. 2006ರಲ್ಲಿ ಫಲಿತಾಂಶ ಬಂತು. ನಿಲ್ಲಿಸಿದವರಲ್ಲೇ ಸಾವು ಹೆಚ್ಚು. ಹೃದಯ, ಕಿಡ್ನಿ, ಲಿವರ್ ಕಾಯಿಲೆಯೂ ನಿಲ್ಲಿಸಿದವರಲ್ಲೇ ಹೆಚ್ಚು! ಕಿಡ್ನಿ ಉಳಿಸೋಕೆ ಅಂತ ಗುಳಿಗಿ ಬಿಟ್ಟರೆ ಕಿಡ್ನಿಯೂ ಉಳಿಯೋದಿಲ್ಲ. ಜೊತೆಗೆ ಹೆಪಟೈಟಿಸ್ ಬಿ ಇದ್ದವರು ಟೆನೊಫೋವಿರ್ ಒಮ್ಮೆಲೇ ಬಿಟ್ಟರೆ ಲಿವರ್‌ಗೆ ಜೋರಾದ ಹೊಡೆತ ಬೀಳಬಹುದು, ಯಾಕಂದ್ರೆ ಅದನ್ನೂ ಹಿಡಿದಿಟ್ಟಿರೋದು ಇದೇ ಔಷಧ.

ಇದನ್ನೆಲ್ಲ ಕಾಕಾಗೆ ನಾನು ಹೇಳಿದೆ. ಅವರು ಅರ್ಧ ಕೇಳಿದರು, ಅರ್ಧ ನಕ್ಕರು. "ನೀ ಏನ್ ಡಾಕ್ಟರ್ ಆದಿ?" ಅಂದರು. "ಇಲ್ರಿ, ಅದಕ್ಕೇ ಡಾಕ್ಟರ್ ಹತ್ರ ಹೋಗೂಣು ನಡೀರಿ" ಅಂದೆ. ಮರುದಿನವೇ ಶಹಾಬಾದ್ ಸ್ಟೇಷನ್ನಿಂದ ಕಲಬುರಗಿಗೆ ಹೋದೆವು. ನನ್ನ ಕ್ಲಾಸ್ ಟೆಸ್ಟ್ ತಪ್ಪಿತು. ಯಾಕೆ ಬರಲಿಲ್ಲ ಅಂತ ಕೇಳಿದ ಗೆಳೆಯರೇ, ಇದೇ ಕಾರಣ.

ಅಲ್ಲಿ ಡಾಕ್ಟರ್ ಬೈಯಲಿಲ್ಲ. "ಗುಳಿಗಿ ಬಿಟ್ಟಿದ್ದು ಬಂದು ಹೇಳಿದ್ರಲ್ಲ, ಅದು ಒಳ್ಳೇದಾಯ್ತು" ಅಂದರು. ಬೇರೆ ಏನೇನು ತಗೋತೀರಿ ಅಂತ ಕೇಳಿದಾಗ ಕಾಕಾ ಕಿಸೆಯಿಂದ ಒಂದು ಚೀಟಿ ತೆಗೆದರು. ನಡಾ ನೋವಿಗೆ ದಿನಕ್ಕೆ ಎರಡು ಡೈಕ್ಲೋಫೆನಾಕ್, ತಿಂಗಳಾನುಗಟ್ಟಲೆ. ಅವರು ಅನುಮಾನ ಪಟ್ಟಿದ್ದು ಜೀವ ಉಳಿಸಿದ ಗುಳಿಗಿಯ ಮೇಲೆ. ನಿಜವಾಗಿ ನಿಲ್ಲಿಸಬೇಕಾದದ್ದು ಕಿಸೆಯಲ್ಲಿತ್ತು.

ಡೈಕ್ಲೋಫೆನಾಕ್ ನಿಂತಿತು. ಟಿಎಲ್‌ಡಿ ಮತ್ತೆ ಶುರುವಾಯಿತು. ಕ್ರಿಯಾಟಿನಿನ್ 1.1ರಲ್ಲೇ ಇದೆ, ಮೂತ್ರದಲ್ಲಿ ಪ್ರೋಟೀನ್ ಇಲ್ಲ. ವೈರಲ್ ಲೋಡ್‌ಗೆ ರಕ್ತ ಕೊಟ್ಟೀವಿ, ರಿಪೋರ್ಟ್ ಇನ್ನೂ ಬಂದಿಲ್ಲ. ಆ ಹನ್ನೊಂದು ದಿನದಲ್ಲಿ ವೈರಸ್ ಏನು ಮಾಡಿತೋ ಅನ್ನೋ ಚಿಂತೆ ನನಗೆ ಇದೆ, ಬಾಯಿ ಬಿಡದಿದ್ದರೂ ಕಾಕಾಗೂ ಇದೆ. ಈಗ ರಾತ್ರಿ ಒಂಬತ್ತಕ್ಕೆ ಗುಳಿಗಿ ನುಂಗಿ ನನಗೊಂದು ಮಿಸ್ಡ್ ಕಾಲ್ ಕೊಡ್ತಾರೆ.

1986ರಿಂದ ಇಲ್ಲಿತನಕ ಈ ಗುಳಿಗಿ ಎಷ್ಟು ಸಲ ಬದಲಾಯ್ತು ನೋಡಿ. ಪ್ರತಿ ಸಲವೂ ಯಾರೋ ಒಬ್ಬರು "ನನಗೆ ಕಾಲು ಉರೀತದ", "ನನಗೆ ಎಲುಬು ನೋವು" ಅಂತ ಬಾಯಿ ಬಿಟ್ಟು ಹೇಳಿದ್ದಕ್ಕೇ ಬದಲಾಯ್ತು. ಸುಮ್ಮನೆ ಮನೆಯಲ್ಲಿ ಬಿಟ್ಟು ಕೂತಿದ್ದರೆ ಆಗುತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಹೆದರಿ ಗುಳಿಗಿ ಬಿಟ್ಟಿದ್ದರೆ ಬೈಬೇಡಿ. ಜೊತೆಗೆ ಹೋಗಿ. 1097 ಪುಕ್ಕಟೆ ಸಹಾಯವಾಣಿ ಇದೆ, ಹೆಸರು ಹೇಳದೆಯೂ ಕೇಳಬಹುದು. ನನಗೆ ಮೆಸೇಜ್ ಮಾಡಿದರೆ ನಾನು ಚರಿತ್ರೆ ಹೇಳಬಲ್ಲೆ, ಡೋಸ್ ಹೇಳಲಾರೆ. ಅಷ್ಟು ನೆನಪಿರಲಿ.

ಒಂಬತ್ತು ಗಂಟೆ ಆಯ್ತು. ಫೋನ್ ಒಂದು ಸಲ ಬಡಿದು ನಿಂತಿತು. ಇವತ್ತಿಗೆ ಇಷ್ಟು ಸಾಕು.

#ಭಂಕೂರ #ಶಹಾಬಾದ್ #ಕಲಬುರಗಿ #ಗುಳಿಗಿಯಚರಿತ್ರೆ